ಬೆಟ್ಟಸ್ವಾಮಿಯ ಹಕಾರ

ವಿಜಯನಗರ ಸಾಮ್ರಾಜ್ಯವನ್ನು ಕಟ್ಟಿದವರು ಯಾರು ಎಂದು ಕೇಳಿದ್ದಕ್ಕೆ ಬೆಟ್ಟಸ್ವಾಮಿ ಎದ್ದು ನಿಂತು, ಕೈ ಕಟ್ಟಿಕೊಂಡು, 'ಅಕ್ಕ-ಬುಕ್ಕ ಸಾ' ಎಂದಿದ್ದ. ತುಮಕೂರಿನ ಕಾಲೇಜು, ಬಿ.ಎ. ಮೊದಲ ವರ್ಷ, ಚರಿತ್ರೆಯ ತರಗತಿ. ಪೇಟೆಯ ಹುಡುಗರು ಬೆಂಚು ಕುಟ್ಟಿ ನಕ್ಕರು. ಅಕ್ಕ ಸರಿ, ಭಾವ ಎಲ್ಲಿದ್ದರಪ್ಪಾ ಎಂದು ಹಿಂದಿನಿಂದ ಯಾರೋ ಕೇಳಿದರು. ಗುಬ್ಬಿ ಕಡೆಯ ಹಳ್ಳಿಯಿಂದ ಬಂದವನ ಬಾಯಲ್ಲಿ ಹಕಾರ ಹುಟ್ಟಿರಲೇ ಇಲ್ಲ. ಅಪ್ಪ ಕಾಳಯ್ಯ ಕಟ್ಟುತ್ತಿದ್ದುದು ಅಸು, ಹೊಸೆಯುತ್ತಿದ್ದುದು ಅಗ್ಗ. ಅವ್ವ ಪುಟ್ಟತಾಯಮ್ಮ ಕಾಯಿಸುತ್ತಿದ್ದುದು ಆಲು, ಮಾಡುತ್ತಿದ್ದುದು ಉಳ್ಳಿಕಾಳಿನ ಸಾರು. ಆ ಮನೆಯಲ್ಲಿ ಒಂದು ಅಕ್ಷರ ಕಡಿಮೆಯಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಚರಿತ್ರೆಯೋ, ಹಕಾರದ ಕಣಜ. ಹರಪ್ಪದಿಂದ ಹಿಡಿದು ಹರ್ಷವರ್ಧನ, ಹೊಯ್ಸಳ, ಹುಮಾಯೂನ್, ಹೈದರಾಲಿ. ಒಬ್ಬೊಬ್ಬ ರಾಜನೂ ಬೆಟ್ಟಸ್ವಾಮಿಯ ಬಾಯಲ್ಲಿ ತಲೆ ಕಳೆದುಕೊಂಡು ಬೀಳುತ್ತಿದ್ದ.

ಪ್ರೊಫೆಸರ್ ಚನ್ನವೀರಯ್ಯ ನಗಲಿಲ್ಲ. ಬಿಳಿ ಷರಟು, ಹಣೆಯ ಮೇಲೆ ತೆಳ್ಳಗೆ ವಿಭೂತಿ, ಮಾತಿಗೆ ಮುಂಚೆ ಸಣ್ಣದೊಂದು ಕೆಮ್ಮು, ಇಷ್ಟೇ ಅವರ ಆಡಂಬರ. ತರಗತಿ ಮುಗಿದ ಮೇಲೆ ಹುಡುಗನನ್ನು ಸೈಕಲ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೋ ಎಂದರು. ಹ ಅಂದಾಗ ಅಂಗೈಗೆ ಬಿಸಿ ತಾಗಬೇಕು. ತಾಗದಿದ್ದರೆ ಅದು ನಿನ್ನ ಊರಿನ ಮಾತು, ಅದಕ್ಕೂ ಮರ್ಯಾದೆ ಉಂಟು, ಆದರೆ ನಾಳೆ ನಿನಗೆ ಕೆಲಸ ಕೊಡುವವರಿಗೆ ಆ ಮರ್ಯಾದೆ ಗೊತ್ತಿಲ್ಲ ಎಂದರು.

ಸಂಜೆ ಸಂಜೆ ಪಾಠ ನಡೆಯಿತು. ಆದರೆ ಹಕಾರ ಒಂಟಿಯಾಗಿ ಬರಲಿಲ್ಲ. ಮೇಷ್ಟ್ರು ಹೇಳಿದ ಹಾಗೆಯೇ ಹೇಳಲು ಹೋಗಿ ಹುಡುಗ ಕೆಮ್ಮಿನ ಸಮೇತ ಹೇಳಿದ. ಹ ಬಂತು. ಅದರ ಬೆನ್ನಿಗೇ ಮೇಷ್ಟ್ರ ನಿಧಾನ, ಮೇಷ್ಟ್ರ ದಪ್ಪ ದನಿ, ವಾಕ್ಯದ ಕೊನೆಗೆ ಸ್ವರ ಇಳಿಸುವ ಅವರ ರೀತಿ ಎಲ್ಲವೂ ಬಂದು ಗಂಟಲಲ್ಲಿ ಬಿಡಾರ ಹೂಡಿದವು. ಬೆರಳು ಕೊಟ್ಟರೆ ಹಸ್ತ ನುಂಗಿದ ಅನ್ನುತ್ತಾರಲ್ಲ, ಹಾಗೆ. ಡಿಗ್ರಿ ಮುಗಿಯುವ ಹೊತ್ತಿಗೆ ಕಣ್ಣು ಮುಚ್ಚಿ ಕೇಳಿದವರಿಗೆ ಗುರು ಯಾರು, ಶಿಷ್ಯ ಯಾರು ಗೊತ್ತಾಗುತ್ತಿರಲಿಲ್ಲ.

ಓದಿಗೆ ತಕ್ಕ ಕೆಲಸ ಮಾತ್ರ ಸಿಗಲಿಲ್ಲ. ಅಂತರಸನಹಳ್ಳಿಯ ಕಾರ್ಖಾನೆಯೊಂದಕ್ಕೆ ಹೆಲ್ಪರ್ ಆಗಿ ಸೇರಿದ. ಅಲ್ಲಿ ರಾಜ್ಯೋತ್ಸವದ ದಿನ ಅವನು ಮೈಕ್ ಹಿಡಿದದ್ದನ್ನು ಕೇಳಿದ ಬಟ್ಟೆ ಅಂಗಡಿಯವನೊಬ್ಬ, ನಮ್ಮ ಪ್ರಚಾರದ ಆಟೋಗೆ ಮಾತಾಡ್ತೀಯಾ ಎಂದ. ಅಲ್ಲಿಂದ ಶುರುವಾದದ್ದು ಇವತ್ತಿಗೂ ನಡೆದಿದೆ. ಈಗ ಬೆಟ್ಟಸ್ವಾಮಿಗೆ ಐವತ್ತರ ಹತ್ತಿರ. ಚರ್ಚ್ ಸರ್ಕಲ್ಲಿನ ಬಳಿ ಒಂದು ಸಂದಿಯಲ್ಲಿ, ಗೋಡೆಗೆ ಹಳೇ ಹಾಸಿಗೆಯ ಸ್ಪಂಜು ಅಂಟಿಸಿದ ಕೋಣೆಯೇ ಸ್ಟುಡಿಯೋ. ಸೀರೆ ರಿಯಾಯಿತಿ, ಕಣ್ಣಿನ ತಪಾಸಣೆ, ಕುಕ್ಕರ್ ಎಕ್ಸ್‌ಚೇಂಜ್ ಮೇಳ, ನೀರಿನ ಕಂದಾಯ, ಇಂಥವರ ಮನೆಯಲ್ಲಿ ಸಾವು, ಎಲ್ಲಕ್ಕೂ ಒಂದೇ ಗಂಟಲು. ಪುಟ್ಟರಂಗಯ್ಯ ಎಂಬವನ ಆಟೋ ಆ ದನಿಯನ್ನು ಹೊತ್ತುಕೊಂಡು ತುಮಕೂರು, ಗುಬ್ಬಿ, ಕುಣಿಗಲ್ ಸುತ್ತುತ್ತದೆ. ಗುಬ್ಬಿ ಸಂತೆಯಲ್ಲಿ ಆ ಕೆಮ್ಮು ಕೇಳಿಸಿದರೆ ಸಾಕು, ಕಾಲೇಜು ಬಿಟ್ಟು ಕಾಲು ಶತಮಾನ ಕಳೆದ ಗಂಡಸರು ಸಿಗರೇಟನ್ನು ಬೆನ್ನ ಹಿಂದೆ ಮರೆಮಾಡಿದ್ದುಂಟು.

ನಿವೃತ್ತರಾದ ಮೇಷ್ಟ್ರಿಗೆ ಇದು ತಮಾಷೆಯ ವಿಷಯ. ಲೋ ಬೆಟ್ಟ, ನಿನ್ನೆ ನಾನು ಕುಣಿಗಲ್‌ನಲ್ಲಿ ಕುಕ್ಕರ್ ಮಾರ್ತಿದ್ದೆನಂತೆ, ವ್ಯಾಪಾರ ಹೇಗಾಯ್ತು ಎಂದು ಫೋನ್ ಮಾಡುತ್ತಿದ್ದರು. ಒಂದು ಸಲ ಮಾತ್ರ ನಗು ನಿಲ್ಲಿಸಿ, ನಿನ್ನ ಸ್ವಂತ ದನಿ ಹೇಗಿತ್ತೋ ಮಾರಾಯ, ನನಗೆ ಮರೆತೇಹೋಗಿದೆ ಎಂದರು. ಬೆಟ್ಟಸ್ವಾಮಿಗೂ ಮರೆತಿತ್ತು.

ಕಳೆದ ವರ್ಷ ಶ್ರಾವಣದಲ್ಲಿ ಮೇಷ್ಟ್ರು ತೀರಿಕೊಂಡರು. ಬೆಟ್ಟಸ್ವಾಮಿಯ ಸಹಪಾಠಿ, ಈಗ ಅದೇ ಕಾಲೇಜಿನಲ್ಲಿ ಪಾಠ ಹೇಳುವ ಕಿರಣ್‌ಕುಮಾರ್ ಫೋನ್ ಮಾಡಿ, ಊರಿಗೆಲ್ಲ ಗೊತ್ತಾಗಬೇಕು, ಒಂದು ಅನೌನ್ಸ್‌ಮೆಂಟ್ ಮಾಡಿಬಿಡು ಎಂದ. ಬೆಟ್ಟಸ್ವಾಮಿ ಅತ್ತ, ಮುಖ ತೊಳೆದ, ಮೈಕ್ ಮುಂದೆ ಕೂತು ರೆಕಾರ್ಡ್ ಮಾಡಿದ. ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಹೊಳೆಯಲಿಲ್ಲ. ಇದ್ದದ್ದು ಒಂದೇ ದನಿ, ಅದರಲ್ಲಿ ಹೇಳಿದ.

ಸೋಮೇಶ್ವರಪುರಂನ ಮನೆಯಲ್ಲಿ ಮೇಷ್ಟ್ರನ್ನು ಲಿಂಗಾಯತರ ಪದ್ಧತಿಯಂತೆ ಕೂರಿಸಿದ್ದರು. ವಿಭೂತಿ ಬಳಿದು, ಹೂವಿನಿಂದ ಮುಚ್ಚಿ, ಗೋಡೆಗೆ ಒರಗಿಸಿ. ಪಕ್ಕದಲ್ಲಿ ಹೆಂಡತಿ ಸರ್ವಮಂಗಳಮ್ಮ. ಹಜಾರದ ತುಂಬ ಹೆಂಗಸರ ಅಳು. ಆಗ ಬೀದಿಯ ಕೊನೆಯಿಂದ ಒಂದು ಕೆಮ್ಮು ಕೇಳಿಸಿತು. ಆಮೇಲೆ, ಎಂದಿನ ನಿಧಾನದಲ್ಲಿ, ಎಂದಿನ ಹಾಗೆ ಕೊನೆಗೆ ಸ್ವರ ಇಳಿಸಿ:

'ಆತ್ಮೀಯರೇ, ನಿವೃತ್ತ ಪ್ರಾಧ್ಯಾಪಕರಾದ ಚನ್ನವೀರಯ್ಯನವರು ಇಂದು ಬೆಳಗ್ಗೆ ಲಿಂಗೈಕ್ಯರಾದರೆಂದು ತಿಳಿಸಲು ವಿಷಾದಿಸುತ್ತೇವೆ.'

ಹಜಾರದ ಅಳು ಬತ್ತಿಹೋಯಿತು. ಕೂತವರೆಲ್ಲ ಕೂರಿಸಿದ್ದ ಮೇಷ್ಟ್ರನ್ನು ನೋಡಿದರು. ತುಟಿ ಮುಚ್ಚಿತ್ತು. ಕಿಟಕಿಯತ್ತ ನೋಡಿದರು. ದನಿ ಹತ್ತಿರ ಬರುತ್ತಿತ್ತು. ಬೆಟ್ಟಸ್ವಾಮಿ ಹಾರ ಹಿಡಿದುಕೊಂಡು ಗೇಟಿನ ಬಳಿ ಬರುವುದಕ್ಕೂ ಸರ್ವಮಂಗಳಮ್ಮ ಗಂಡನ ಪಕ್ಕದಿಂದ ಎದ್ದು, ಸೆರಗು ಸರಿಮಾಡಿಕೊಂಡು, ಬೀದಿಗೆ ಬರುವುದಕ್ಕೂ ಸರಿಹೋಯಿತು. ಆಕೆ ಅವನನ್ನು ನೋಡಲಿಲ್ಲ, ಆಟೋದ ನೆತ್ತಿಯ ಮೇಲಿನ ಹಾರ್ನನ್ನು ನೋಡುತ್ತ ನಿಂತರು. ಪುಟ್ಟರಂಗಯ್ಯ ಹೆದರಿ ಆರಿಸಿಬಿಟ್ಟ. ಯಾಕೆ ನಿಲ್ಲಿಸಿದಿರಿ, ಮಾತಾಡಲಿ ಬಿಡಿ ಎಂದರು ಸರ್ವಮಂಗಳಮ್ಮ.

ಕುಣಿಗಲ್ ಹತ್ತಿರದ ಅವರ ಹೊಲದಲ್ಲಿ ಮಣ್ಣಾಯಿತು. ಊರಿನವರು ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು. ಬೆಟ್ಟಸ್ವಾಮಿಯ ಆಟೋ ಕೂಡ ತಿರುಗಿತು. ಆಷಾಢದ ಉಳಿಕೆ ಸೀರೆ, ಗಣೇಶನ ಹಬ್ಬದ ಫ್ರಿಜ್ಜು, ಮಂಡಿ ನೋವಿನ ಶಿಬಿರ. ಸತ್ತ ಮನುಷ್ಯ ಪ್ರತಿದಿನ ಊರಿನ ಬೀದಿಯಲ್ಲಿ ಮಾತಾಡುತ್ತ ಹೋಗುತ್ತಿದ್ದ, ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಒಂದು ಮನೆಯನ್ನು ಬಿಟ್ಟು.

ಈ ವರ್ಷ ಹಳೆಯ ವಿದ್ಯಾರ್ಥಿಗಳು ಸೇರಿ ಮೇಷ್ಟ್ರ ಹೆಸರಿನಲ್ಲಿ ಒಂದು ವಿದ್ಯಾರ್ಥಿವೇತನ ಇಡುವುದೆಂದು ತೀರ್ಮಾನವಾಯಿತು. ಚರಿತ್ರೆ ಓದುವ ಬಡ ಮಕ್ಕಳಲ್ಲಿ ಒಬ್ಬರಿಗೆ, ವರ್ಷ ವರ್ಷ. ಮೊದಲ ಸಲಕ್ಕೆ ಕುಣಿಗಲ್ ಕಡೆಯ ರೂಪಶ್ರೀ ಎಂಬ ಹುಡುಗಿಯನ್ನು ಆರಿಸಿದರು. ಕೊಡುವ ಕೈ ಸರ್ವಮಂಗಳಮ್ಮನವರದೇ ಆಗಬೇಕು ಎಂದು ಎಲ್ಲರೂ ಅಂದರು. ಕಿರಣ್‌ಕುಮಾರ್ ಆಹ್ವಾನ ಪತ್ರಿಕೆಯ ಕರಡು ಹಿಡಿದು ಮನೆಗೆ ಹೋದ. ಆಕೆ ಕನ್ನಡಕ ಹಾಕಿಕೊಂಡು ಓದಿ, ಒಳ್ಳೆಯ ಕೆಲಸ ಮಾಡ್ತಿದೀರಿ, ಆದರೆ ಇಲ್ಲಿ 'ಸ್ಮಾರಕ' ಅಂತ ಯಾಕಿದೆ ಎಂದರು. ಕಿರಣ್‌ಕುಮಾರ್ ತೊದಲಿದ.

'ಮಣ್ಣು ಮಾಡಿದ್ದು ಮೈನ,' ಎಂದರು ಸರ್ವಮಂಗಳಮ್ಮ. 'ಮಾತನ್ನ ಯಾರು ಮಣ್ಣು ಮಾಡಿದ್ರು? ನಿನ್ನೆ ಕೂಡ ಈ ಬೀದೀಲಿ ಬಂದಿದ್ರು.'

ಮೇಷ್ಟ್ರ ಮಗಳು ಮಧುಶ್ರೀ ಕುಣಿಗಲ್‌ನ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದವಳು ರಜೆ ಹಾಕಿ ಬೆಟ್ಟಸ್ವಾಮಿಯ ಸ್ಟುಡಿಯೋಗೆ ಬಂದಳು. ಅಮ್ಮನಿಗೆ ತಲೆ ಕೆಟ್ಟಿಲ್ಲ ಎಂದು ಮೊದಲೇ ಹೇಳಿದಳು. ಹಾಲಿನ ಲೆಕ್ಕ, ಗ್ಯಾಸ್ ಬುಕಿಂಗು, ನೆಂಟರ ಮದುವೆ, ಎಲ್ಲ ನೆಟ್ಟಗಿದೆ. ಇದೊಂದು ಮಾತ್ರ. ಆಟೋ ಬಂದ ದಿನ ಮುಖ ಅರಳುತ್ತದೆ, ಇನ್ನೊಂದು ಲೋಟಕ್ಕೆ ಕಾಫಿ ಬಗ್ಗಿಸುತ್ತಾಳೆ, ಅದು ಆರಿದ ಮೇಲೆ ಚೆಲ್ಲುತ್ತಾಳೆ. ಮುಂಬಾಗಿಲಿನ ಚಿಲಕ ಹಾಕಗೊಡುವುದಿಲ್ಲ. ಸಮಾಧಿಗೆ ಹೋಗೋಣ ಬಾ ಅಂದರೆ ಅಲ್ಲಿ ಯಾರಿದಾರೆ ಅನ್ನುತ್ತಾಳೆ. ಅಪ್ಪ ಹೋದಾಗಿನಿಂದ ಒಂದು ತೊಟ್ಟು ಅತ್ತಿಲ್ಲ. ಮಧುಶ್ರೀ ಇಷ್ಟನ್ನೂ ತಗ್ಗಿಸಿದ ದನಿಯಲ್ಲಿ ಹೇಳಿ, ಬೆಟ್ಟಸ್ವಾಮಿ ಅಯ್ಯೋ ದೇವರೇ ಎಂದಾಗ ತಾನೇ ಬೆಚ್ಚಿ ಕುರ್ಚಿಯ ತುದಿಗೆ ಸರಿದಳು. ಅವಳಿಗೂ ಆ ದನಿ ಅಪ್ಪನದೇ.

ಆ ಬೀದಿಗೆ ಇನ್ನು ಆಟೋ ಕಳಿಸುವುದಿಲ್ಲ ಎಂದು ಬೆಟ್ಟಸ್ವಾಮಿ ಮಾತು ಕೊಟ್ಟ. ಕೊಟ್ಟ ಮಾತು ಉಳಿಸಿಕೊಂಡ. ಆದರೆ ಗಾಯಕ್ಕೆ ಹಾಕಿದ ಸುಣ್ಣ ಹುಣ್ಣಾಯಿತು. ದನಿ ನಿಂತದ್ದೇ ಸರ್ವಮಂಗಳಮ್ಮ ಊಟ ಕಡಿಮೆ ಮಾಡಿದರು, ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಕೊನೆಗೆ ಯಾವಾಗಲೋ ಆಟೋದ ಬೆನ್ನ ಮೇಲೆ ಓದಿಟ್ಟುಕೊಂಡಿದ್ದ ನಂಬರಿಗೆ ಫೋನ್ ಮಾಡಿದರು.

ಬೆಟ್ಟಸ್ವಾಮಿ ಫೋನ್ ಎತ್ತಿದ್ದೇ, 'ಊಟ ಆಯ್ತಾ?' ಎಂದರು.

ನಾನು ಬೆಟ್ಟಸ್ವಾಮಿ ಕಣಮ್ಮಾ ಎಂದು ಅವನು ಹೇಳಬಹುದಿತ್ತು. ಅದು ಬಿಟ್ಟು 'ಹೂಂ' ಎಂದ. ನೋಡಿ, ಹೂಂ ಅನ್ನುವುದಕ್ಕೂ ಹಕಾರ ಬೇಕು, ಹಕಾರ ಬಂದ ಕಡೆ ಮೇಷ್ಟ್ರು ಬರುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಹೊಟ್ಟೆ ಕೆಡಿಸ್ಕೋಬೇಡಿ ಎಂದು ಆಕೆ ಫೋನ್ ಇಟ್ಟರು. ಮರುದಿನ ಮತ್ತೆ ಬಂತು ಫೋನು. ಅದರ ಮರುದಿನವೂ. ಇವನೂ ಹೂಂ ದಾಟಿ ಒಂದೆರಡು ಮಾತಿಗೆ ಬಂದ. ಇದು ತಪ್ಪು ಎಂದು ಅವನಿಗೆ ಗೊತ್ತಿತ್ತು. ಆದರೆ ಮುದುಕಿ ಉಣ್ಣುತ್ತಿದ್ದಾಳಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ನಿಜ ಹೇಳಬೇಕೆಂದರೆ ಸಮಾಧಾನ ಅದೊಂದೇ ಆಗಿರಲಿಲ್ಲ. ತನ್ನ ಗಂಟಲಿನಿಂದ ಮೇಷ್ಟ್ರು ಇನ್ನೂ ಒಬ್ಬರಿಗೆ ಬೇಕಾಗಿದ್ದಾರೆ ಎಂಬುದು ಅವನಿಗೂ ಹಿತವಾಗಿತ್ತು, ಅವನಿಗೂ ಅವರನ್ನು ಬಿಡಲು ಮನಸ್ಸಿರಲಿಲ್ಲ.

ಬಿಡದೆ ಇದ್ದವನನ್ನು ಅವರೂ ಬಿಡಲಿಲ್ಲ. ಯಾರೂ ಇಲ್ಲದ ಸ್ಟುಡಿಯೋದಲ್ಲಿ ಕೆಮ್ಮು ತಾನಾಗಿ ಬರತೊಡಗಿತು. ಸಾರಿಗೆ ಉಪ್ಪು ಕಮ್ಮಿ ಎಂದು ಮನೆಯಲ್ಲಿ ಹೇಳಿದರೆ ಅದು ಪಾಠವಾಗಿ ಹೊರಡುತ್ತಿತ್ತು. ಮೇಷ್ಟ್ರೇ, ನನ್ನ ಗಂಡ ಎಲ್ಲಿ ಎಂದು ಹೆಂಡತಿ ಮೊದಮೊದಲು ಚುಡಾಯಿಸಿದಳು. ಆಮೇಲೆ ಒಂದು ದಿನ ಅದನ್ನೇ ನಗದೆ ಕೇಳಿದಳು. ಗಡ್ಡ ಕೆರೆದುಕೊಳ್ಳಲು ಕನ್ನಡಿಯ ಮುಂದೆ ನಿಂತಾಗ ಬೆಟ್ಟಸ್ವಾಮಿಗೆ ತನ್ನ ಮುಖ ಮಾತ್ರ ಕಾಣುತ್ತಿತ್ತು, ಅದರಿಂದಲೇ ಹೆಚ್ಚು ಭಯವಾಗುತ್ತಿತ್ತು. ಮೇಷ್ಟ್ರು ತನ್ನನ್ನು ಹಿಡಿದಿದ್ದಾರೋ, ಹೊರಟು ನಿಂತವರನ್ನು ತಾನೇ ಹಿಡಿದಿಟ್ಟಿದ್ದೇನೋ ಅವನಿಗೆ ಬಗೆಹರಿಯಲಿಲ್ಲ.

ಒಂದು ಭಾನುವಾರ ಗುಬ್ಬಿ ಬಸ್ಸು ಹತ್ತಿ ಅಣ್ಣನ ಮನೆಯಲ್ಲಿದ್ದ ಅವ್ವನ ಹತ್ತಿರ ಹೋದ. ಪುಟ್ಟತಾಯಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಗ ಎಲ್ಲವನ್ನೂ ಹೇಳಿಕೊಂಡ. ಅವಳು ತಲೆಯೆತ್ತದೆ ಕೇಳಿ, ನೀನು ಬಂದು ಮಾತಾಡ್ಸಿದರೆ ನನಗೂ ಯಾರೋ ಮೇಷ್ಟ್ರು ಬಂದಂಗೇ ಆಗ್ತದೆ ಎಂದಳು. ಆಮೇಲೆ ಅಂದಳು:

'ಸತ್ತೋರು ತಾವೇ ಬಂದು ಸತ್ತೆ ಅಂದ್ರೆ ಯಾರ್ಲಾ ನಂಬ್ತಾರೆ? ಆವಮ್ಮ ನಂಬ್ನಿಲ್ಲ ಅಂದ್ರೆ ತೆಪ್ಪೇನೈತೆ? ನಿನ್ ಬಾಯಲ್ಲಿ ಏಳು ಓಗು.'

ನನ್ನ ಬಾಯಿ ಎಲ್ಲಿದೆ ಅವ್ವಾ ಎಂದು ಕೇಳಿದ. ಅವಳು ಅವರೆಕಾಯಿಯ ಮೊರವನ್ನು ಅವನತ್ತ ತಳ್ಳಿದಳು. ಅವನು ಸಂಜೆಯವರೆಗೂ ಅಲ್ಲೇ ಕೂತು ಸುಲಿದ, ಅವ್ವ ಆಡಿದ ಮಾತನ್ನೆಲ್ಲ ಒಳಗೊಳಗೇ ಅಂದುಕೊಂಡ.

ಆಮೇಲೆ ತುಮಕೂರಿನ ಸ್ಟುಡಿಯೋದಲ್ಲಿ ತಿರುಗಾಮುರುಗಾ ಪಾಠ ಶುರುವಾಯಿತು. ಮೈಕ್ ಆರಿಸಿ, ಬಾಗಿಲು ಹಾಕಿಕೊಂಡು, ಆಲು, ಅಗ್ಗ, ಉಣ್ಣಿಮೆ, ಅಬ್ಬ. ಗಂಟಲು ಒಪ್ಪಲಿಲ್ಲ. ಆಲು ಎಂದು ಹೊರಟದ್ದು ಬಾಯಿ ದಾಟುವಾಗ ಹಾಲಾಗುತ್ತಿತ್ತು, ಹಿಂದೆಯೇ ಕೆಮ್ಮು. ಹೊರಗೆ ಕಾಯುತ್ತಿದ್ದ ಪುಟ್ಟರಂಗಯ್ಯನಿಗೆ ಸಾಹುಕಾರರಿಗೆ ಅರಳುಮರಳು ಹಿಡಿಯಿತೆಂದೇ ಅನ್ನಿಸಿತು. ಅಕ್ಷರ ಕಲಿಯುವುದಕ್ಕಿಂತ ಬಿಡುವುದು ಕಷ್ಟ. ಕಲಿಸಲು ಮೇಷ್ಟ್ರು ಇದ್ದರು, ಬಿಡಿಸಲು ಯಾರೂ ಇರಲಿಲ್ಲ.

ಸಮಾರಂಭದ ದಿನ ಬಂತು. ಕಾಲೇಜಿನ ಸಭಾಂಗಣ ತುಂಬಿತ್ತು. ವೇದಿಕೆಯ ಬ್ಯಾನರಿನಲ್ಲಿ ಕಿರಣ್‌ಕುಮಾರ್ ಹೆದರಿ 'ಸ್ಮಾರಕ' ಎಂಬ ಪದವನ್ನೇ ಬಿಟ್ಟಿದ್ದ. 'ಪ್ರೊ. ಚನ್ನವೀರಯ್ಯ ವಿದ್ಯಾರ್ಥಿವೇತನ' ಎಂದಷ್ಟೇ ಇತ್ತು. ಸರ್ವಮಂಗಳಮ್ಮ ಬರಲು ಒಪ್ಪಿದ್ದು ಬೆಟ್ಟಸ್ವಾಮಿ ಮೈಕ್ ಹಿಡಿಯುತ್ತಾನೆ ಎಂದು ಗೊತ್ತಾದ ಮೇಲೆ. ಅವರು ಮಾತಾಡ್ತಾರಂತೆ ಎಂದು ಆಕೆ ಬೆಳಗ್ಗೆಯೇ ರೇಷ್ಮೆ ಸೀರೆ ಉಟ್ಟು ಕೂತಿದ್ದರಂತೆ. ಮಧುಶ್ರೀ ಇದನ್ನು ವೇದಿಕೆಯ ಮೆಟ್ಟಿಲಿನ ಬಳಿ ಹೇಳಿ, ಇನ್ನೇನೂ ಕೇಳದೆ ಹೋಗಿ ಅಮ್ಮನ ಪಕ್ಕ ಕೂತಳು.

ಬೆಟ್ಟಸ್ವಾಮಿಗೆ ಎಲ್ಲ ಸ್ಪಷ್ಟವಾಗಿತ್ತು. ಮೇಷ್ಟ್ರ ದನಿಯಲ್ಲಿ ಹೇಳಿದರೆ ಸಭೆ ಚಪ್ಪಾಳೆ ತಟ್ಟುತ್ತದೆ, ಆಕೆ ಸಂತೋಷದಿಂದ ಮನೆಗೆ ಹೋಗಿ ಸಾಯುವ ತನಕ ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಾರೆ. ತನ್ನ ದನಿಯಲ್ಲಿ ಹೇಳಿದರೆ ಊರೇ ನಗುತ್ತದೆ, ಮುಂದೆ ಹಕಾರವಿಲ್ಲದ ಗಂಟಲನ್ನು ಯಾವ ಅಂಗಡಿಯವನೂ ಕರೆಯುವುದಿಲ್ಲ, ಮತ್ತು ಆಕೆ ಏನಾಗುತ್ತಾರೋ ದೇವರಿಗೇ ಗೊತ್ತು.

ಮೈಕಿನ ಮುಂದೆ ನಿಂತ. ಕೆಮ್ಮು ಬಂದು ಗಂಟಲಲ್ಲಿ ಸಿದ್ಧವಾಗಿ ನಿಂತಿತ್ತು. ನುಂಗಿಕೊಂಡ. ಮೊದಲ ಸಾಲಿನಲ್ಲಿ ಸರ್ವಮಂಗಳಮ್ಮ ಕಣ್ಣು ಮುಚ್ಚಿ, ತಲೆಯನ್ನು ತುಸು ವಾಲಿಸಿ ಕಾಯುತ್ತಿದ್ದರು.

'ಎಲ್ರಿಗೂ ನಮಸ್ಕಾರ. ನಾನು ಬೆಟ್ಟಸ್ವಾಮಿ. ಗುಬ್ಬಿ ಕಡೆಯೋನು. ಮೇಷ್ಟ್ರು ನಂಗೆ ಅಕ್ಸರ ಏಳ್ಕೊಟ್ರು.'

ದನಿ ತೆಳ್ಳಗೆ, ಕೀರಲಾಗಿ ಬಂತು. ಕಾಲೇಜಿಗೆ ಸೇರಿದ ವರ್ಷದ ಹುಡುಗನ ದನಿ, ಐವತ್ತರ ಮೈಗೆ ತೊಡಿಸಿದ ಚಿಕ್ಕ ಅಂಗಿಯ ಹಾಗಿತ್ತು. ಹಿಂದಿನ ಸಾಲುಗಳಲ್ಲಿ ಕಿಸಕ್ಕೆಂದರು. ಸರ್ವಮಂಗಳಮ್ಮ ಕಣ್ಣು ತೆರೆದರು. ಮನೆಯೊಳಕ್ಕೆ ನುಗ್ಗಿದ ಅಪರಿಚಿತನನ್ನು ನೋಡುವ ಹಾಗೆ ಅವನನ್ನು ನೋಡಿದರು. ಒಂದು ಕೆಮ್ಮು ಕೆಮ್ಮಿದ್ದರೆ ಸಾಕಿತ್ತು, ಮೇಷ್ಟ್ರು ಬಂದು ಅವನನ್ನು ಕಾಪಾಡಿಬಿಡುತ್ತಿದ್ದರು.

'ಅವರ ಎಸ್ರಲ್ಲಿ ಇವತ್ತು ಈ ಉಡುಗೀಗೆ ಸ್ಕಾಲರ್‌ಶಿಪ್ ಕೊಡ್ತಾವ್ರೆ,' ಎಂದ. ಉಡುಗಿ ಎಂದದ್ದಕ್ಕೆ ನಗು ದೊಡ್ಡದಾಯಿತು. ಅವನು ನಿಲ್ಲಿಸಲಿಲ್ಲ. ಮೊದಲ ಸಾಲನ್ನು ಮಾತ್ರ ನೋಡಿಕೊಂಡು ಮುಂದುವರಿಸಿದ.

'ಅಮ್ಮಾ, ಆಟೋದಲ್ಲಿ ಏಳಿದ್ದೋನು ನಾನು. ಫೋನಲ್ಲಿ ಮಾತಾಡಿದ್ದೂ ನಾನೇ. ಮಾತು ಅವರ್ದು, ಬಾಯಿ ನಂದು. ಅವ್ರನ್ನ ಬಿಡಕ್ಕೆ ನಂಗೂ ಮನ್ಸಿರ್ನಿಲ್ಲ. ಇವತ್ತು ನನ್ ಮಾತಲ್ಲಿ ಏಳ್ತೀನಿ. ನಮ್ ಮೇಷ್ಟ್ರು ಓದ್ರು.'

'ಏನ್ ಓದ್ರು ಸಾರ್?' ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಸಭೆ ಗೊಳ್ಳೆಂದಿತು. ಕಿರಣ್‌ಕುಮಾರ್ ಗದರಲೆಂದು ಕುರ್ಚಿಯಿಂದ ಎದ್ದ.

ಅಷ್ಟರಲ್ಲಿ ಸರ್ವಮಂಗಳಮ್ಮ ಎದ್ದಿದ್ದರು. ಮಧುಶ್ರೀ ಹಿಡಿಯಲು ಹೋದ ಕೈಯನ್ನು ಸರಿಸಿ, ನಿಧಾನವಾಗಿ ಹಿಂದಕ್ಕೆ ತಿರುಗಿ, ನಗುತ್ತಿದ್ದ ಹುಡುಗರನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ. ಮೇಷ್ಟ್ರೊಬ್ಬರ ಜೊತೆ ಅಷ್ಟು ವರ್ಷ ಬಾಳಿದವರಿಗೆ, ತಪ್ಪಾಗಿ ಕೇಳಿಸಿಕೊಂಡ ಮಕ್ಕಳಿಗೆ ಸರಿಯಾದದ್ದನ್ನು ಹೇಳದೆ ಇರಲಾಗಲಿಲ್ಲ ಅಷ್ಟೆ.

'ಓದಿದ್ದಲ್ಲಪ್ಪ,' ಎಂದರು. 'ಹೋದ್ರು. ನಮ್ಮನೆಯವರು ಹೋದ್ರು.'

ತಾವು ಅಂದದ್ದು ತಮ್ಮ ಕಿವಿಗೇ ಬಿದ್ದ ಮೇಲೆ ಅವರು ತಮ್ಮ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. ಸರ್ವಮಂಗಳಮ್ಮ ನಿಂತಲ್ಲೇ, ಮಗಳ ಹೆಗಲಿಗೆ ತಲೆಯಿಟ್ಟು, ಜೋರಾಗಿ ಅತ್ತರು.